ನಕ್ಷತ್ರದ ಸಹಿ

ಪ್ರವೇಶ

ಚಿತ್ರಕಲೆಯ ಇತಿಹಾಸದಲ್ಲಿ ಪುರುಷರ ಹೆಸರುಗಳು ನೂರಾರು ಸಿಗುತ್ತವೆ. ಸ್ತ್ರೀಯರ ಹೆಸರುಗಳು ವಿರಳ. ಇದಕ್ಕೆ ಸ್ತ್ರೀಯರಲ್ಲಿ ಶಕ್ತಿಯಿಲ್ಲದುದು ಕಾರಣವೋ, ಅವರ ಶಕ್ತಿ ಬೆಳೆದು ಬೆಳಗಲು ಅವಕಾಶ ದೊರೆಯದಿದ್ದುದು ಕಾರಣವೋ? ಯುರೋಪಿನ ಕೆಲವು ಕಲಾವಿದೆಯರ ಜೀವನವನ್ನು ಆಧಾರವಾಗಿಟ್ಟುಕೊಂಡು ಈ ಪಾಠವು ಆ ಪ್ರಶ್ನೆಯನ್ನು ವಿಚಾರಮಾಡುತ್ತದೆ.

೧

ಚಿತ್ರಕಾರರು ತಾವು ಬರೆದ ಚಿತ್ರದ ಒಂದು ಮೂಲೆಯಲ್ಲಿ ತಮ್ಮ ಹೆಸರನ್ನೋ ಗುರುತನ್ನೋ ಹಾಕುವುದುಂಟು. ಅಳತೆಯಲ್ಲಿ ಅದು ಒಂದು ಅಂಗುಲವನ್ನೂ ಮೀರದಿರಬಹುದು. ಆದರೆ ಆ ಚಿತ್ರ ಯಾರದು, ಅದರ ಬೆಲೆಯೆಷ್ಟು, ಅದು ಅರಮನೆಯ ಗೋಡೆಯ ಮೇಲೆ ತೂಗಬೇಕೋ ಉಗ್ರಾಣದ ಕತ್ತಲೆಯಲ್ಲಿ ಕುಳಿತಿರಬೇಕೋ ಎಂಬುದೆಲ್ಲ ಎಷ್ಟೋ ಸಲ ಆ ಅಂಗುಲದಷ್ಟು ಜಾಗದಿಂದಲೇ ನಿರ್ಧಾರವಾಗುತ್ತದೆ. ಚಿತ್ರವನ್ನು ನೋಡಲು ಕಣ್ಣು ಬೇಕು; ಸಹಿಯನ್ನು ಓದಲು ಅಕ್ಷರಜ್ಞಾನವಿದ್ದರೆ ಸಾಕು. ಆದಕಾರಣ ಚಿತ್ರವನ್ನು ನೋಡುವವರಿಗಿಂತ ಸಹಿಯನ್ನು ಓದುವವರೇ ಲೋಕದಲ್ಲಿ ಹೆಚ್ಚು.

೧೮೯೦ರ ಸುಮಾರಿನಲ್ಲಿ ಲಂಡನ್ ನಗರದ ಚಿತ್ರವ್ಯಾಪಾರಿಗಳಲ್ಲಿ ಒಂದು ವ್ಯಾಜ್ಯ ಹುಟ್ಟಿತು. ಹಾಲೆಂಡ್ ದೇಶದ ಪ್ರಸಿದ್ಧ ಚಿತ್ರಕಾರನಾದ ಫ್ರಾನ್ಸ್ ಹಾಲ್ಸ್‌ನದೆಂದು ಹೇಳಿ ಒಬ್ಬ ವ್ಯಾಪಾರಿಯು ಮತ್ತೊಬ್ಬರಿಗೆ ಭಾರಿ ಬೆಲೆಗೆ ಒಂದು ಚಿತ್ರವನ್ನು ಮಾರಿದ್ದನು. ಪಿಟೀಲು ನುಡಿಸುತ್ತ ಹಾಡುತ್ತಿರುವ ಒಬ್ಬ ಪುರುಷನೂ ಪಕ್ಕದಲ್ಲಿ ನಗುಮುಖದ ಒಬ್ಬ ಸ್ತ್ರೀಯೂ ಕುಳಿತಿರುವ ಚಿತ್ರವದು. ಇಂದು ಅದು ಪ್ಯಾರಿಸ್ ನಗರದ ಲೂವ್ರ್ ಸಂಗ್ರಹಾಲಯದಲ್ಲಿದೆ. ಕುಂಚದ ಚುರುಕು, ಮುಖಗಳ ಲವಲವಿಕೆ, ಬಟ್ಟೆಯ ಮೇಲೆ ಬಿದ್ದ ಬೆಳಕು ಇವೆಲ್ಲ ಹಾಲ್ಸ್‌ನ ಕೈಚಳಕಕ್ಕೆ ತಕ್ಕವಾಗಿಯೇ ಇದ್ದುವು. ಕೊಂಡವರು ಸಂತೋಷಪಟ್ಟಿದ್ದರು. ಆದರೆ ಚಿತ್ರವನ್ನು ಹತ್ತಿರದಿಂದ ಪರೀಕ್ಷಿಸಿದಾಗ ಅದರ ಮೇಲಿದ್ದ ಸಹಿ ಹಾಲ್ಸ್‌ನದಲ್ಲವೆಂದು ತಿಳಿದುಬಂತು. ‘ಜೆ’ ಮತ್ತು ‘ಎಲ್’ ಎಂಬ ಎರಡು ಅಕ್ಷರಗಳು ಒಂದರೊಳಗೊಂದು ಹೆಣೆದುಕೊಂಡಿದ್ದುವು; ಅವುಗಳಿಗೆ ಅಂಟಿಕೊಂಡಂತೆ ಒಂದು ಪುಟ್ಟ ನಕ್ಷತ್ರವಿತ್ತು.

ಈ ಗುರುತು ಯಾರದೆಂಬುದನ್ನು ಹಾಲೆಂಡಿನ ಕಲಾವಿದ್ವಾಂಸನಾದ ಹೋಫ್‌ಸ್ಟೇಡೆ ಡೆ ಗ್ರೋಟ್ ಎಂಬವನು ಬಿಡಿಸಿ ಹೇಳಿದನು. ಅದು ಜೂಡಿತ್ ಲೇಸ್ಟರ್ ಎಂಬ ಸ್ತ್ರೀಯ ಸಹಿ. ಆಕೆ ಹಾಲ್ಸ್‌ನ ಕಾಲದಲ್ಲಿ, ಹಾಲ್ಸ್‌ನ ಊರಾದ ಹಾರ್ಲೆಮ್‌ನಲ್ಲಿಯೇ ಬಾಳಿದವಳು. ೧೮೯೩ರಲ್ಲಿ ಆತನು ಪ್ರಕಟಿಸಿದ ಲೇಖನದಲ್ಲಿ ಒಂದಲ್ಲ, ಏಳು ಚಿತ್ರಗಳು ಆಕೆಯವೆಂದು ತೋರಿಸಿಕೊಟ್ಟನು. ಅವುಗಳಲ್ಲಿ ಆರರ ಮೇಲೆ ಆ ನಕ್ಷತ್ರದ ಸಹಿ ಇತ್ತು. ಇನ್ನೂರಕ್ಕೂ ಹೆಚ್ಚು ವರ್ಷಗಳ ಕಾಲ ಲೋಕ ಮರೆತಿದ್ದ ಒಬ್ಬ ಶ್ರೇಷ್ಠ ಕಲಾವಿದೆ ಅಂದು ಮತ್ತೆ ಬೆಳಕಿಗೆ ಬಂದಳು.

ಇಂಥ ಸುದ್ದಿಯನ್ನು ಕೇಳಿ ಕಲಾರಸಿಕರು ಹಿಗ್ಗಬೇಕಾಗಿತ್ತು. ಹಾಲ್ಸ್‌ನಂಥ ಮಹಾಕಲಾವಿದನಿಗೆ ಸರಿಸಮನಾಗಿ ಚಿತ್ರ ಬರೆಯಬಲ್ಲ ಮತ್ತೊಬ್ಬರು ಇದ್ದರೆಂಬುದು ಕಲೆಗೆ ಲಾಭವೇ ಹೊರತು ನಷ್ಟವಲ್ಲ. ಆದರೆ ನಡೆದದ್ದೇ ಬೇರೆ. ಚಿತ್ರವನ್ನು ಕೊಂಡವರು ತಮಗೆ ಮೋಸವಾಯಿತೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕೊನೆಗೆ ಬೆಲೆಯನ್ನು ತಗ್ಗಿಸಿಕೊಂಡು ಚಿತ್ರವನ್ನು ಇಟ್ಟುಕೊಳ್ಳಲು ಒಪ್ಪಿ ರಾಜಿಮಾಡಿಕೊಂಡರು. ಆ ಚಿತ್ರದಲ್ಲಿ ಒಂದು ಗೆರೆಯೂ ಅಳಿಸಿರಲಿಲ್ಲ. ಒಂದು ಬಣ್ಣವೂ ಮಾಸಿರಲಿಲ್ಲ. ನಿನ್ನೆ ಕಂಡ ನಗು ಇಂದೂ ಆ ಮುಖದಲ್ಲಿ ಹಾಗೆಯೇ ಇತ್ತು. ಬದಲಾಗಿದ್ದುದು ಬರೆದವರ ಹೆಸರು ಮಾತ್ರ. ಅಷ್ಟರಿಂದಲೇ ಚಿತ್ರದ ಬೆಲೆ ಇಳಿಯಿತು.

“ಹಾಲ್ಸ್ ಲೋಕವಿಖ್ಯಾತ, ಈಕೆಯಾದರೋ ಅಪರಿಚಿತೆ. ಅಪರಿಚಿತರ ಚಿತ್ರಕ್ಕೆ ಬೆಲೆ ಕಡಿಮೆಯಾಗುವುದು ವ್ಯಾಪಾರಧರ್ಮ. ಇದರಲ್ಲಿ ಸ್ತ್ರೀ ಪುರುಷ ಎಂಬ ಭೇದವೆಲ್ಲಿ ಬಂತು?” ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾದುದೇ. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ನಿಂತಿದೆ: ಇಷ್ಟು ಚೆನ್ನಾಗಿ ಬರೆಯಬಲ್ಲವಳು ಅಪರಿಚಿತೆಯಾಗಿ ಉಳಿದುದು ಹೇಗೆ? ಇದಕ್ಕೆ ಉತ್ತರ ಬೇಕಾದರೆ ಆಕೆಯ ಬಾಳಿನ ಕಥೆಯನ್ನು ನಾವು ತಿಳಿಯಬೇಕು.

೨

ಜೂಡಿತ್ ಲೇಸ್ಟರ್ ೧೬೦೯ರಲ್ಲಿ ಹಾರ್ಲೆಮ್ ಪಟ್ಟಣದಲ್ಲಿ ಹುಟ್ಟಿದಳು. ಆಕೆಯ ತಂದೆ ಬಿಯರ್ ತಯಾರಿಸುವ ಉದ್ಯಮ ನಡೆಸುತ್ತಿದ್ದನು. ಆ ಉದ್ಯಮದ ಹೆಸರು ‘ಲೇಸ್ಟರ್’. ಡಚ್ ಭಾಷೆಯಲ್ಲಿ ಆ ಮಾತಿಗೆ ದಾರಿ ತೋರುವ ನಕ್ಷತ್ರ, ಎಂದರೆ ಧ್ರುವತಾರೆ ಎಂದು ಅರ್ಥ. ಅದನ್ನೇ ಆ ಕುಟುಂಬದವರು ಮನೆತನದ ಹೆಸರಾಗಿ ಇಟ್ಟುಕೊಂಡರು. ಜೂಡಿತ್ ತನ್ನ ಸಹಿಯಲ್ಲಿ ನಕ್ಷತ್ರವನ್ನು ಬರೆದುದರ ಗುಟ್ಟು ಇದು. ಆಕೆ ಹದಿಹರೆಯದಲ್ಲಿರುವಾಗಲೇ ತಂದೆ ಸಾಲದಲ್ಲಿ ಮುಳುಗಿ ದಿವಾಳಿಯಾದನು. ಮಗಳ ಪ್ರತಿಭೆ ಮಾತ್ರ ಅಷ್ಟರಲ್ಲೇ ಊರಿನ ಗಮನಕ್ಕೆ ಬಂದಿತ್ತು. ಹಾರ್ಲೆಮ್ ನಗರವನ್ನು ವರ್ಣಿಸಿ ೧೬೨೮ರಲ್ಲಿ ಪ್ರಕಟವಾದ ಒಂದು ಕೃತಿಯಲ್ಲಿ, ಇನ್ನೂ ಇಪ್ಪತ್ತು ವರ್ಷ ತುಂಬದ ಈ ಹುಡುಗಿಯ ಹೆಸರು ಊರಿನ ಚಿತ್ರಕಾರರ ಸಾಲಿನಲ್ಲಿ ಸೇರಿದೆ.

ಆ ಕಾಲದಲ್ಲಿ ಚಿತ್ರಕಾರರು ತಮ್ಮದೇ ಆದ ಸಂಘವನ್ನು ಕಟ್ಟಿಕೊಂಡಿದ್ದರು. ಸಂತ ಲೂಕನ ಹೆಸರಿನ ಆ ಸಂಘದಲ್ಲಿ ಗುರುಸ್ಥಾನದ ಸದಸ್ಯತ್ವ ಪಡೆದವರಿಗೆ ಸ್ವತಂತ್ರವಾಗಿ ಚಿತ್ರಶಾಲೆ ನಡೆಸುವ, ಶಿಷ್ಯರನ್ನು ಇಟ್ಟುಕೊಳ್ಳುವ ಅಧಿಕಾರವಿರುತ್ತಿತ್ತು. ೧೬೩೩ರಲ್ಲಿ ಜೂಡಿತ್ ಈ ಸದಸ್ಯತ್ವವನ್ನು ಪಡೆದಳು. ಆ ಶತಮಾನದಲ್ಲಿ ಹಾರ್ಲೆಮ್‌ನ ಸಂಘಕ್ಕೆ ಹೀಗೆ ಸೇರಿದ ಸ್ತ್ರೀಯರು ಬೆರಳೆಣಿಕೆಯಷ್ಟು ಮಾತ್ರ. ಆಕೆ ಚಿತ್ರಶಾಲೆ ತೆರೆದಳು. ಹುಡುಗರು ಶಿಷ್ಯರಾಗಿ ಬಂದು ಸೇರಿದರು.

ಆಕೆ ಎಷ್ಟು ಗಟ್ಟಿ ಮನಸ್ಸಿನವಳೆಂಬುದಕ್ಕೆ ಒಂದು ಪ್ರಸಂಗ ಸಾಕ್ಷಿಯಾಗಿದೆ. ೧೬೩೫ರಲ್ಲಿ ಒಬ್ಬ ಶಿಷ್ಯನು ಸೇರಿದ ಕೆಲವೇ ದಿನಗಳಲ್ಲಿ ಆಕೆಯ ಚಿತ್ರಶಾಲೆಯನ್ನು ಬಿಟ್ಟು ಫ್ರಾನ್ಸ್ ಹಾಲ್ಸ್‌ನಲ್ಲಿಗೆ ಹೋಗಿಬಿಟ್ಟನು. ಹಾಲ್ಸ್ ಊರಿಗೇ ಹಿರಿಯ ಕಲಾವಿದ. ಜೂಡಿತ್ ಆತನಿಗಿಂತ ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಚಿಕ್ಕವಳು. ಆದರೂ ಆಕೆ ಅಂಜದೆ ಸಂಘಕ್ಕೆ ದೂರುಕೊಟ್ಟಳು. ವಿಚಾರಣೆ ನಡೆದು, ಶಿಷ್ಯನ ತಾಯಿಯು ಜೂಡಿತ್‌ಳಿಗೆ ನಾಲ್ಕು ಗಿಲ್ಡರ್ ಪರಿಹಾರ ಕೊಡಬೇಕಾಯಿತು. ಆಕೆ ಕೇಳಿದ್ದು ಅದರ ಎರಡರಷ್ಟು. ಹಾಲ್ಸ್‌ನಿಗೂ ದಂಡ ಬಿತ್ತು. ಶಿಷ್ಯನ ಹೆಸರನ್ನು ಸಂಘದಲ್ಲಿ ಮೊದಲೇ ನೋಂದಾಯಿಸಿರಲಿಲ್ಲವೆಂದು ಜೂಡಿತ್‌ಳಿಗೂ ದಂಡ ತಪ್ಪಲಿಲ್ಲ. ಫಲ ಏನೇ ಇರಲಿ, ತಾನು ಯಾರ ನೆರಳೂ ಅಲ್ಲ, ತನ್ನ ಕಸುಬಿಗೆ ತಾನೇ ಒಡತಿ ಎಂಬುದನ್ನು ಆಕೆ ಊರಿನೆದುರು ಸ್ಥಾಪಿಸಿದಳು.

ಆಕೆಯ ಚಿತ್ರಗಳೂ ಇದೇ ಮಾತನ್ನು ಹೇಳುತ್ತವೆ. ಅಮೆರಿಕದ ವಾಷಿಂಗ್ಟನ್ ನಗರದ ರಾಷ್ಟ್ರೀಯ ಕಲಾಶಾಲೆಯಲ್ಲಿರುವ ಸ್ವಚಿತ್ರವನ್ನು ಆಕೆ ೧೬೩೦ರ ಸುಮಾರಿನಲ್ಲಿ ಬರೆದಳು. ಚಿತ್ರಫಲಕದ ಮುಂದೆ ಕುಳಿತ ತರುಣಿ ಕುರ್ಚಿಯ ಹಿಂಬದಿಗೆ ಒರಗಿ, ಈಗತಾನೇ ಬಂದ ಅತಿಥಿಯನ್ನು ಕಂಡವಳಂತೆ ನಮ್ಮ ಕಡೆಗೆ ತಿರುಗಿ ನಸುನಗುತ್ತಿದ್ದಾಳೆ. ಒಂದು ಕೈಯಲ್ಲಿ ಬಣ್ಣದ ಹಲಗೆ ಮತ್ತು ಹಿಡಿತುಂಬ ಕುಂಚಗಳು. ಮತ್ತೊಂದು ಕೈಯ ಕುಂಚ, ಬರೆಯುತ್ತಿದ್ದವಳು ಮಾತಿಗೆಂದು ಒಂದು ಕ್ಷಣ ತಡೆದಂತೆ ಗಾಳಿಯಲ್ಲಿ ನಿಂತಿದೆ. ಆಕೆಯ ಎದುರಿನ ಫಲಕದ ಮೇಲೆ ಪಿಟೀಲು ನುಡಿಸುವವನ ಚಿತ್ರ ಅರ್ಧ ಮುಗಿದಿದೆ. ಹೊಸ ಬಗೆಯ ಕಿರಣಗಳ ಸಹಾಯದಿಂದ ಪರೀಕ್ಷಿಸಿದಾಗ, ಆ ಪಿಟೀಲುಗಾರನ ಕೆಳಗೆ ಒಬ್ಬ ಹುಡುಗಿಯ ಮುಖವಿರುವುದು ಕಂಡುಬಂದಿದೆ. ಮೊದಲು ಬರೆದ ಆ ಮುಖವನ್ನು ಮುಚ್ಚಿ, ತಾನು ಹೆಸರು ಗಳಿಸಿದ್ದ ಬಗೆಯ ಚಿತ್ರವನ್ನು ಆಕೆ ಅಲ್ಲಿ ಬರೆದಳು. ತನ್ನ ರೂಪವನ್ನು ತೋರಿಸುವುದಕ್ಕಿಂತ ತನ್ನ ಕೆಲಸವನ್ನು ತೋರಿಸುವುದು ಮುಖ್ಯವೆಂದು ಆಕೆಗೆ ತೋರಿರಬೇಕು. ವಿಪರ್ಯಾಸವೆಂದರೆ, ಈ ಸ್ವಚಿತ್ರವನ್ನೂ ಒಂದು ಕಾಲದಲ್ಲಿ ಹಾಲ್ಸ್ ಬರೆದುದೆಂದೇ ಎಣಿಸಲಾಗಿತ್ತು!

ಹೇಗ್ ನಗರದಲ್ಲಿರುವ ಆಕೆಯ ಮತ್ತೊಂದು ಚಿತ್ರ ೧೬೩೧ರದು. ಇರುಳಿನಲ್ಲಿ ದೀಪದ ಬೆಳಕಿಗೆ ತಲೆಬಾಗಿ ಹೊಲಿಯುತ್ತ ಕುಳಿತಿರುವ ಸ್ತ್ರೀಯ ಹೆಗಲ ಮೇಲೆ ಕೈಯಿಟ್ಟು ಒಬ್ಬ ಪುರುಷನು ನಾಣ್ಯಗಳನ್ನು ನೀಡುತ್ತಿದ್ದಾನೆ. ಆಕೆ ಅತ್ತ ಕಣ್ಣೆತ್ತಿಯೂ ನೋಡದೆ ಸೂಜಿಯಲ್ಲಿಯೇ ದೃಷ್ಟಿ ನೆಟ್ಟಿದ್ದಾಳೆ. ಇಂಥ ಸಂದರ್ಭವನ್ನು ಅಂದಿನ ಚಿತ್ರಕಾರರು ಸಾಮಾನ್ಯವಾಗಿ ವಿನೋದವಾಗಿ ಚಿತ್ರಿಸುತ್ತಿದ್ದರು. ಜೂಡಿತ್‌ಳ ಕೈಯಲ್ಲಿ ಅದು ಒಂದು ಹೆಣ್ಣಿನ ಮೌನದ ನಿರಾಕರಣೆಯಾಗಿ ಮೂಡಿದೆ. ಕಲಾಲೋಕದಲ್ಲಿ ಸ್ತ್ರೀಯರ ಕಣ್ಣಿಗೂ ಎಡೆಯಿರಬೇಕು ಎನ್ನುವುದು ಇದಕ್ಕಾಗಿಯೇ. ನೋಡುವವರು ಬದಲಾದರೆ ಕಾಣುವುದೂ ಬದಲಾಗುತ್ತದೆ.

೧೬೩೬ರಲ್ಲಿ ಜೂಡಿತ್ ಯಾನ್ ಮೋಲೆನಾರ್ ಎಂಬ ಚಿತ್ರಕಾರನನ್ನು ಮದುವೆಯಾದಳು. ದಂಪತಿಗಳು ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ನೆಲೆಸಿದರು. ಐವರು ಮಕ್ಕಳು ಹುಟ್ಟಿ ಇಬ್ಬರು ಮಾತ್ರ ಉಳಿದರು. ತಿಥಿ ತಿಳಿದಿರುವ ಆಕೆಯ ಚಿತ್ರಗಳಲ್ಲಿ ಬಹುಪಾಲು ಮದುವೆಗೆ ಮೊದಲಿನವು. ಅನಂತರದವು ಒಂದು ಟ್ಯೂಲಿಪ್ ಹೂವಿನ ಚಿತ್ರ ಮುಂತಾದ ಕೆಲವೇ ಕೆಲವು. ಗಂಡನ ಕುಂಚ ನಿಲ್ಲಲಿಲ್ಲ. ೧೬೪೮ರಲ್ಲಿ ಹಾರ್ಲೆಮ್‌ನ ಇತಿಹಾಸವನ್ನು ಬರೆದ ಒಬ್ಬ ಲೇಖಕನು ಆಕೆಯ ಹೆಸರಿನ ಅರ್ಥವನ್ನೇ ಹಿಡಿದು, ಕಲೆಯಲ್ಲಿ ಆಕೆ ನಿಜವಾಗಿಯೂ ದಾರಿ ತೋರುವ ತಾರೆಯೆಂದು ಹೊಗಳಿದ್ದಾನೆ. ಆದರೆ ೧೬೬೦ರಲ್ಲಿ ಆಕೆ ತೀರಿಕೊಂಡ ಅನಂತರ ಮನೆಯ ಸೊತ್ತಿನ ಪಟ್ಟಿಯನ್ನು ಮಾಡಿದಾಗ, ಆಕೆಯ ಹಲವು ಚಿತ್ರಗಳ ಎದುರಿನಲ್ಲಿ ‘ಜೂಡಿತ್ ಲೇಸ್ಟರ್’ ಎಂದು ಬರೆಯಲಿಲ್ಲ. ‘ಯಾನ್ ಮೋಲೆನಾರನ ಹೆಂಡತಿ’ ಎಂದು ಬರೆದರು. ಅಲ್ಲಿಗೆ ಹೆಸರು ಅಳಿಯಿತು. ಹೆಸರಿಲ್ಲದ ಒಳ್ಳೆಯ ಚಿತ್ರಗಳಿಗೆ ಕಾಲಕ್ರಮದಲ್ಲಿ ಹೆಸರಾಂತ ಪುರುಷರ ಹೆಸರುಗಳು ಬಂದು ಅಂಟಿಕೊಂಡುವು.

೩

ಜೂಡಿತ್‌ಳ ಕಥೆ ಒಬ್ಬಳ ದುರದೃಷ್ಟದ ಕಥೆಯೆಂದು ನಾವು ಪುಟ ತಿರುವಿಹಾಕುವಂತಿಲ್ಲ. ಆಕೆಗೆ ಹೇಗೋ ಕಲಿಯುವ ಅವಕಾಶವಾದರೂ ದೊರೆತಿತ್ತು. ಕಲಿಯುವ ಬಾಗಿಲೇ ತೆರೆಯದೆ ಹೋದವರು ಎಷ್ಟು ಮಂದಿಯೋ! ಹಿಂದಿನ ಕಾಲದ ಯುರೋಪಿನ ಕಲಾವಿದೆಯರ ಪಟ್ಟಿಯನ್ನು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇಟಲಿಯ ಆರ್ಟೆಮಿಸಿಯಾ ಜೆಂಟಿಲೆಸ್ಕಿ, ಸ್ವಿಟ್ಸರ್ಲೆಂಡಿನಲ್ಲಿ ಹುಟ್ಟಿದ ಏಂಜೆಲಿಕಾ ಕಾಫ್‌ಮನ್, ಫ್ರಾನ್ಸಿನ ರೋಸಾ ಬೊನಾರ್ ಇವರೆಲ್ಲರ ತಂದೆಯರೂ ಚಿತ್ರಕಾರರು. ಹೊರಗೆ ಯಾವ ಗುರುವಿನ ಬಳಿಗೂ ಹೋಗುವಂತಿಲ್ಲದ ಹುಡುಗಿಗೆ ಮನೆಯೇ ಪಾಠಶಾಲೆ, ತಂದೆಯೇ ಗುರು. ಕಲೆಯ ಒಲವು ಚಿತ್ರಕಾರರ ಮಕ್ಕಳಲ್ಲಿ ಮಾತ್ರ ಹುಟ್ಟುವುದಿಲ್ಲ. ರೈತನ ಮನೆಯಲ್ಲಿಯೂ ಬಡಗಿಯ ಮನೆಯಲ್ಲಿಯೂ ಅಂಥ ಹುಡುಗಿಯರು ಹುಟ್ಟಿರಲೇಬೇಕು. ಅಂಥ ಮನೆಯ ಹುಡುಗನಿಗೆ ಊರಿನ ಚಿತ್ರಕಾರನ ಬಳಿ ಶಿಷ್ಯನಾಗುವ ದಾರಿ ಇತ್ತು; ಹುಡುಗಿಗೆ ಇರಲಿಲ್ಲ.

ಮುಂದೆ ಚಿತ್ರಕಾರರ ಸಂಘಗಳ ಸ್ಥಾನದಲ್ಲಿ ರಾಜಾಶ್ರಯದ ಕಲಾಪರಿಷತ್ತುಗಳು ಹುಟ್ಟಿಕೊಂಡುವು. ಇಂಗ್ಲೆಂಡಿನ ರಾಯಲ್ ಅಕಾಡೆಮಿ ೧೭೬೮ರಲ್ಲಿ ಸ್ಥಾಪನೆಯಾಯಿತು. ಅದರ ಸ್ಥಾಪಕ ಸದಸ್ಯರಲ್ಲಿ ಇಬ್ಬರು ಸ್ತ್ರೀಯರಿದ್ದರು: ಏಂಜೆಲಿಕಾ ಕಾಫ್‌ಮನ್ ಮತ್ತು ಮೇರಿ ಮೋಸರ್. ಇದನ್ನು ಓದಿದಾಗ ಆ ಸಂಸ್ಥೆ ಎಷ್ಟು ಉದಾರವಾಗಿತ್ತೆಂದು ನಮಗೆ ತೋರಬಹುದು. ಆದರೆ ಕೆಲವೇ ವರ್ಷಗಳಲ್ಲಿ ಯೋಹಾನ್ ಝೋಫನಿ ಎಂಬ ಚಿತ್ರಕಾರನು ಅಕಾಡೆಮಿಯ ಸದಸ್ಯರ ಒಂದು ಸಮೂಹಚಿತ್ರವನ್ನು ಬರೆದನು. ಸದಸ್ಯರು ವಿಶಾಲವಾದ ಒಂದು ಕೊಠಡಿಯಲ್ಲಿ ನೆರೆದಿದ್ದಾರೆ. ಚಿತ್ರಾಭ್ಯಾಸಕ್ಕೆಂದು ವಿವಸ್ತ್ರರಾದ ಪುರುಷ ಮಾದರಿಗಳನ್ನು ಅಣಿಗೊಳಿಸುತ್ತಿದ್ದಾರೆ. ಇಬ್ಬರು ಸ್ತ್ರೀ ಸದಸ್ಯರೆಲ್ಲಿ? ಅವರು ಆ ಗುಂಪಿನಲ್ಲಿಲ್ಲ. ಕೊಠಡಿಯ ಗೋಡೆಯ ಮೇಲೆ ತೂಗುಹಾಕಿದ ಎರಡು ಭಾವಚಿತ್ರಗಳಾಗಿ ಅವರಿದ್ದಾರೆ! ಸ್ತ್ರೀಯರು ಅಂಥ ಕೊಠಡಿಯಲ್ಲಿರುವುದು ಮರ್ಯಾದೆಗೆ ತಕ್ಕುದಲ್ಲವೆಂದು ಅಂದಿನವರು ಭಾವಿಸಿದ್ದರು. ಚಿತ್ರ ಬರೆಯಬೇಕಾದವರು ತಾವೇ ಚಿತ್ರಗಳಾಗಿ ಗೋಡೆಯನ್ನೇರಿದರು. ಕಲಾಲೋಕದಲ್ಲಿ ಸ್ತ್ರೀಯ ಸ್ಥಾನವೇನೆಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಗ್ರಂಥವೂ ವಿವರಿಸಲಾರದು.

ಇದು ಕೇವಲ ಮಾನ ಮರ್ಯಾದೆಯ ಪ್ರಶ್ನೆಯಾಗಿದ್ದರೆ ನಾವು ಇಷ್ಟು ವಿಚಾರಮಾಡಬೇಕಾಗಿರಲಿಲ್ಲ. ಮನುಷ್ಯದೇಹದ ರಚನೆಯನ್ನು, ಮೂಳೆ ಸ್ನಾಯುಗಳ ಚಲನೆಯನ್ನು ಜೀವಂತ ಮಾದರಿಯ ಎದುರು ಕುಳಿತು ಅಭ್ಯಾಸಮಾಡುವುದು ಅಂದಿನ ಕಲಾಶಿಕ್ಷಣದ ತಳಹದಿಯಾಗಿತ್ತು. ದೇವತೆಗಳು, ವೀರರು, ಯುದ್ಧಗಳು, ಪುರಾಣಪ್ರಸಂಗಗಳು ಇವುಗಳನ್ನು ಚಿತ್ರಿಸುವುದೇ ಅತ್ಯುನ್ನತ ಕಲೆಯೆಂದೂ, ಹೂವು ಹಣ್ಣುಗಳ ಚಿತ್ರಗಳು ಕೆಳದರ್ಜೆಯವೆಂದೂ ವಿದ್ವಾಂಸರು ಮೆಟ್ಟಿಲುಗಳನ್ನು ಕಟ್ಟಿದ್ದರು. ದೇಹರಚನೆಯನ್ನು ಅಭ್ಯಾಸಮಾಡದವರು ಮೇಲಿನ ಮೆಟ್ಟಿಲನ್ನು ಹತ್ತುವುದು ಬಹು ಕಷ್ಟ. ಕಾಫ್‌ಮನ್ ಮಾತ್ರ ಈ ಅಡ್ಡಿಯನ್ನೂ ಲೆಕ್ಕಿಸದೆ ಪುರಾಣ ಇತಿಹಾಸಗಳ ಚಿತ್ರಗಳನ್ನು ಧೈರ್ಯವಾಗಿ ಬರೆದಳು. ಮೋಸರ್ ಹೂವಿನ ಚಿತ್ರಗಳಿಗೆ ಹೆಸರಾದಳು. ಮೊದಲು ಏಣಿಯನ್ನು ತೆಗೆದಿಟ್ಟು, ಆಮೇಲೆ “ಇವರು ಮೇಲೆ ಹತ್ತಲಾರರು” ಎಂದು ತೀರ್ಪು ಕೊಡುವುದು ನ್ಯಾಯವೇ? ಸ್ತ್ರೀಯರ ವಿಷಯದಲ್ಲಿ ನಡೆದುದು ಇದೇ.

ಈ ಇಬ್ಬರ ಕಾಲ ಮುಗಿದ ಮೇಲೆ ಅಕಾಡೆಮಿಯ ಪೂರ್ಣ ಸದಸ್ಯತ್ವಕ್ಕೆ ಮತ್ತೊಬ್ಬ ಸ್ತ್ರೀ ಆಯ್ಕೆಯಾದುದು ೧೯೩೬ರಲ್ಲಿ. ಆಕೆಯ ಹೆಸರು ಲಾರಾ ನೈಟ್. ಸಂಸ್ಥೆ ಹುಟ್ಟಿ ಅಷ್ಟರಲ್ಲಿ ೧೬೮ ವರ್ಷಗಳು ಕಳೆದಿದ್ದುವು. ಅಕಾಡೆಮಿ ನಡೆಸುತ್ತಿದ್ದ ಶಾಲೆಗೆ ವಿದ್ಯಾರ್ಥಿನಿಯೊಬ್ಬಳು ಮೊದಲು ಪ್ರವೇಶ ಪಡೆದ ಕಥೆಯೂ ಸ್ವಾರಸ್ಯವಾಗಿದೆ. ೧೮೬೦ರಲ್ಲಿ ಲಾರಾ ಹರ್ಫರ್ಡ್ ಎಂಬ ತರುಣಿ ತನ್ನ ಪೂರ್ಣ ಹೆಸರನ್ನು ಬರೆಯದೆ, ಹೆಸರಿನ ಮೊದಲಕ್ಷರವನ್ನಷ್ಟೇ ಹಾಕಿ ಚಿತ್ರಗಳನ್ನು ಪರೀಕ್ಷೆಗೆ ಕಳುಹಿಸಿದಳು. ಪರೀಕ್ಷಕರು ಕೆಲಸವನ್ನು ನೋಡಿ ಮೆಚ್ಚಿ ಪ್ರವೇಶ ಕೊಟ್ಟರು. ಬರೆದವಳು ಹೆಣ್ಣೆಂದು ತಿಳಿದುದು ಆಮೇಲೆ! ಹೆಸರು ಮರೆಯಲ್ಲಿದ್ದಾಗ ಮಾತ್ರ ಕಣ್ಣು ನ್ಯಾಯವಾಗಿ ನೋಡಿತು. ಬಾಗಿಲೇನೋ ತೆರೆಯಿತು, ಆದರೆ ಒಳಗಿನ ಮುಖ್ಯ ಕೊಠಡಿಯ ಬೀಗ ತೆಗೆಯಲಿಲ್ಲ. ಅರೆವಸ್ತ್ರ ಧರಿಸಿದ ಮಾದರಿಯನ್ನು ನೋಡಿ ಅಭ್ಯಾಸಮಾಡಲು ವಿದ್ಯಾರ್ಥಿನಿಯರಿಗೆ ಅಲ್ಲಿ ಅನುಮತಿ ದೊರೆತುದು ೧೮೯೩ರಲ್ಲಿ. ಜೂಡಿತ್ ಲೇಸ್ಟರಳ ಹೆಸರು ಮತ್ತೆ ಬೆಳಕಿಗೆ ಬಂದ ಅದೇ ವರ್ಷದಲ್ಲಿ.

೪

ಇಷ್ಟೆಲ್ಲ ಅಡ್ಡಿಗಳ ನಡುವೆಯೂ ಗೆದ್ದವರು ಇಲ್ಲದಿಲ್ಲ. ಫ್ರಾನ್ಸಿನ ರೋಸಾ ಬೊನಾರ್‌ಳ ಕೀರ್ತಿ ಆಕೆ ಬದುಕಿದ್ದಾಗಲೇ ದೇಶದೇಶಗಳಲ್ಲಿ ಹಬ್ಬಿತ್ತು. ಪ್ರಾಣಿಗಳನ್ನು ಚಿತ್ರಿಸುವುದರಲ್ಲಿ ಆಕೆ ಅದ್ವಿತೀಯಳು. ಪ್ಯಾರಿಸ್ಸಿನಲ್ಲಿ ೧೮೫೩ರಲ್ಲಿ ಪ್ರದರ್ಶಿತವಾದ ‘ಕುದುರೆಗಳ ಸಂತೆ’ ಎಂಬ ಚಿತ್ರ ಎಂಟು ಅಡಿ ಎತ್ತರ, ಹದಿನಾರು ಅಡಿಗೂ ಮೀರಿದ ಅಗಲದ್ದು. ಕೆನೆಯುವ, ಮುಂಗಾಲೆತ್ತಿ ನಿಲ್ಲುವ ಕುದುರೆಗಳ ಸಾಲು ನೋಡುವವರ ಮೇಲೆಯೇ ನುಗ್ಗಿಬರುವಂತಿದೆ. ಇಂದು ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಇದನ್ನು ಬರೆಯಲು ಆಕೆ ಕುದುರೆ ಮಾರುವ ಸಂತೆಗಳಿಗೆ ಹೋಗಿ, ಗಂಡಸರ ನೂಕುನುಗ್ಗಲಿನ ನಡುವೆ ನಿಂತು ಅಭ್ಯಾಸಮಾಡಬೇಕಾಗಿತ್ತು. ನೆಲಕ್ಕೆ ಎಳೆಯುವ ನಿಲುವಂಗಿ ಅದಕ್ಕೆ ಅಡ್ಡಿ. ಸ್ತ್ರೀಯರು ಷರಾಯಿ ತೊಡುವುದಕ್ಕೆ ಕಾನೂನು ಅಡ್ಡಿ. ಆದಕಾರಣ ಷರಾಯಿ ತೊಡಲು ಆಕೆ ಪೊಲೀಸರಿಂದ ಲಿಖಿತ ಅನುಮತಿಯನ್ನು ಪಡೆದಿದ್ದಳು. ಚಿತ್ರಕಾರನಾದ ಪುರುಷನಿಗೆ ಕಾಗದ, ಬಣ್ಣ, ಕುಂಚ ಇದ್ದರೆ ಸಾಕಾಗಿತ್ತು. ಈಕೆಗೆ ಪೊಲೀಸರ ಮೊಹರೂ ಬೇಕಾಯಿತು! ೧೮೬೫ರಲ್ಲಿ ಸಾಮ್ರಾಜ್ಞಿ ಯೂಜೆನಿಯು ತಾನೇ ಆಕೆಯ ಮನೆಗೆ ಬಂದು ಫ್ರಾನ್ಸಿನ ‘ಲೀಜನ್ ಆಫ್ ಆನರ್’ ಪದಕವನ್ನು ತೊಡಿಸಿದಳು. ಆ ಗೌರವ ಪಡೆದ ಮೊದಲ ಕಲಾವಿದೆ ಆಕೆ.

ಅಷ್ಟಾದರೂ ಫ್ರಾನ್ಸಿನ ರಾಷ್ಟ್ರೀಯ ಕಲಾಶಾಲೆಯಾದ ‘ಎಕೋಲ್ ದೆ ಬೋಜಾರ್’ ಸ್ತ್ರೀಯರಿಗೆ ಬಾಗಿಲು ತೆರೆದುದು ೧೮೯೭ರಲ್ಲಿ, ಬೊನಾರ್ ತೀರಿಕೊಳ್ಳುವುದಕ್ಕೆ ಎರಡು ವರ್ಷ ಮುಂಚೆ. ಹೀಗೆ ತಡವಾಗಿ ತೆರೆದ ಬಾಗಿಲಿನಿಂದ ಮುಂದೆ ಒಳಹೊಕ್ಕವರಲ್ಲಿ ನಮ್ಮ ದೇಶದ ಒಬ್ಬ ಹುಡುಗಿಯೂ ಇದ್ದಳೆಂಬುದು ನಾವು ನೆನೆಯಬೇಕಾದ ಸಂಗತಿ. ಆಕೆಯೇ ಅಮೃತಾ ಶೇರ್‌ಗಿಲ್. ತಂದೆ ಪಂಜಾಬಿನವನು, ತಾಯಿ ಹಂಗೆರಿ ದೇಶದವಳು. ೧೯೧೩ರಲ್ಲಿ ಬುಡಾಪೆಸ್ಟ್ ನಗರದಲ್ಲಿ ಹುಟ್ಟಿದ ಅಮೃತಾ, ಹದಿನಾರರ ಪ್ರಾಯದಲ್ಲಿ ಪ್ಯಾರಿಸ್ಸಿಗೆ ಹೋಗಿ ಆ ಶಾಲೆಯಲ್ಲಿ ಅಭ್ಯಾಸಮಾಡಿದಳು. ಆಕೆಯ ‘ತರುಣಿಯರು’ ಎಂಬ ಚಿತ್ರಕ್ಕೆ ೧೯೩೩ರಲ್ಲಿ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಲ್ಲಿ ಚಿನ್ನದ ಪದಕ ಬಂದಿತು. ಮರುವರ್ಷ ಭಾರತಕ್ಕೆ ಹಿಂದಿರುಗಿ, ಅಜಂತದ ಗುಹಾಚಿತ್ರಗಳನ್ನು ಕಂಡು, ದಕ್ಷಿಣ ಭಾರತದಲ್ಲಿ ಸಂಚರಿಸಿ, ಇಲ್ಲಿನ ಸಾಮಾನ್ಯ ಜನರ ಬಾಳನ್ನು ತನ್ನದೇ ಆದ ಬಣ್ಣಗಳಲ್ಲಿ ಮೂಡಿಸಿದಳು. ೧೯೪೧ರಲ್ಲಿ ತನ್ನ ಇಪ್ಪತ್ತೆಂಟನೆಯ ವಯಸ್ಸಿನಲ್ಲಿಯೇ ಆಕೆ ತೀರಿಕೊಂಡಳು. ಅಷ್ಟು ಅಲ್ಪಾಯುಷ್ಯದಲ್ಲಿ ಆಧುನಿಕ ಭಾರತದ ಚಿತ್ರಕಲೆಗೆ ಆಕೆ ಸಲ್ಲಿಸಿದ ಸೇವೆ ಬಹು ದೊಡ್ಡದು. ಅದೇ ಬಾಗಿಲು ೧೮೯೭ಕ್ಕೆ ಮೊದಲಿನಂತೆ ಮುಚ್ಚಿಯೇ ಇದ್ದಿದ್ದರೆ, ಆ ಶಿಕ್ಷಣವೂ ಅದರ ಫಲವೂ ನಮಗೆ ದಕ್ಕುತ್ತಿರಲಿಲ್ಲ. ಒಂದು ಬಾಗಿಲು ತೆರೆದರೆ ಯಾವ ದೇಶದಲ್ಲಿ ಯಾವ ಬೆಳಕು ಬೀಳುತ್ತದೆಂಬುದನ್ನು ಮೊದಲೇ ಹೇಳಬಲ್ಲವರು ಯಾರು?

೫

“ನಿಜವಾದ ಪ್ರತಿಭೆಯನ್ನು ಯಾರೂ ಮುಚ್ಚಿಡಲಾರರು, ಅದು ಎಲ್ಲಿದ್ದರೂ ಬೆಳಗಿಯೇ ತೀರುತ್ತದೆ” ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಕೇಳಲು ಹಿತವಾದ ಮಾತು. ಆದರೆ ಜೂಡಿತ್ ಲೇಸ್ಟರಳ ಚರಿತ್ರೆಯ ಮುಂದೆ ಈ ಮಾತು ನಿಲ್ಲುವುದಿಲ್ಲ. ಆಕೆಯ ಪ್ರತಿಭೆ ಬೆಳಗಿತು, ಊರು ಕೊಂಡಾಡಿತು, ಆದರೂ ಲೋಕ ಅದನ್ನು ಇನ್ನೊಬ್ಬರ ಬೆಳಕೆಂದು ಎರಡು ಶತಮಾನಗಳಿಗೂ ಹೆಚ್ಚು ಕಾಲ ಎಣಿಸಿತು. ಬೀಜದಲ್ಲಿ ಸತ್ವವಿದ್ದರೆ ಸಾಲದು. ಮಣ್ಣು, ನೀರು, ಬಿಸಿಲು ಬೇಕು. ಬೆಳೆದ ಫಸಲು ಯಾರದೆಂದು ಬರೆದಿಡುವ ಪ್ರಾಮಾಣಿಕತೆಯೂ ಬೇಕು.

ಅಮೆರಿಕದ ಕಲಾ ಇತಿಹಾಸಕಾರಳಾದ ಲಿಂಡಾ ನಾಕ್ಲಿನ್ ೧೯೭೧ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ ಈ ವಿಚಾರಕ್ಕೆ ಹೊಸ ದಿಕ್ಕನ್ನು ತೋರಿತು. ಮಹಾ ಕಲಾವಿದೆಯರು ಏಕೆ ಆಗಿಹೋಗಲಿಲ್ಲ ಎಂಬ ಹಳೆಯ ಪ್ರಶ್ನೆಯನ್ನೇ ಆಕೆ ತಲೆಬರಹವಾಗಿ ಇಟ್ಟುಕೊಂಡಳು. ಉತ್ತರವನ್ನು ಮಾತ್ರ ಸ್ತ್ರೀಯರ ಸ್ವಭಾವದಲ್ಲಿ ಹುಡುಕದೆ ಶಾಲೆ, ಸಂಘ, ಸಂಸ್ಥೆಗಳ ನಿಯಮಗಳಲ್ಲಿ ಹುಡುಕಿದಳು. ಐದು ವರ್ಷಗಳ ಬಳಿಕ, ೧೯೭೬ರಲ್ಲಿ, ಆಕೆಯೂ ಆನ್ ಸದರ್ಲೆಂಡ್ ಹ್ಯಾರಿಸ್ ಎಂಬ ವಿದುಷಿಯೂ ಸೇರಿ, ೧೫೫೦ರಿಂದ ೧೯೫೦ರವರೆಗಿನ ನಾಲ್ಕು ನೂರು ವರ್ಷಗಳ ಕಲಾವಿದೆಯರ ಕೃತಿಗಳ ಪ್ರದರ್ಶನವನ್ನು ಲಾಸ್ ಏಂಜಲೀಸ್ ನಗರದಲ್ಲಿ ಏರ್ಪಡಿಸಿದರು.

ಆದರೂ ಅಸಮಾನತೆ ಬೇಗನೆ ಅಳಿಯುವಂಥದಲ್ಲ. ಗೊರಿಲ್ಲದ ಮುಖವಾಡ ಧರಿಸಿ, ತಮ್ಮ ಹೆಸರುಗಳನ್ನು ಮರೆಮಾಡಿಕೊಂಡು ೧೯೮೫ರಲ್ಲಿ ನ್ಯೂಯಾರ್ಕಿನಲ್ಲಿ ಒಂದುಗೂಡಿದ ಕಲಾವಿದೆಯರ ತಂಡವೊಂದು ೧೯೮೯ರಲ್ಲಿ ಅಲ್ಲಿನ ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ಹೋಗಿ ಎಣಿಕೆ ಮಾಡಿತು. ಆಧುನಿಕ ಕಲಾವಿಭಾಗದ ಕಲಾವಿದರಲ್ಲಿ ಸ್ತ್ರೀಯರು ಶೇಕಡಾ ೫ಕ್ಕಿಂತಲೂ ಕಡಿಮೆ. ಆದರೆ ಅಲ್ಲಿನ ವಿವಸ್ತ್ರ ಚಿತ್ರಗಳಲ್ಲಿ ಶೇಕಡಾ ೮೫ ಸ್ತ್ರೀಯರವು ಎಂದು ಅವರು ಭಿತ್ತಿಪತ್ರ ಹಚ್ಚಿ ಸಾರಿದರು. ಮಾದರಿಯ ಎದುರು ಕುಳಿತು ಬರೆಯಲು ಮರ್ಯಾದೆ ಅಡ್ಡಬಂದಿತ್ತು; ತಾನೇ ಮಾದರಿಯಾಗಿ ನಿಲ್ಲಲು ಆ ಮರ್ಯಾದೆ ಅಡ್ಡಬರಲಿಲ್ಲ! ಝೋಫನಿಯ ಗೋಡೆಯ ಮೇಲಿನ ಆ ಎರಡು ಭಾವಚಿತ್ರಗಳನ್ನು ಈ ಅಂಕಿಗಳು ನಮಗೆ ನೆನಪಿ‌ಗೆ ತರುತ್ತವೆ.

ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ರೈಕ್ಸ್ ಮ್ಯೂಸಿಯಂ ಎಂಬ ಹಾಲೆಂಡಿನ ರಾಷ್ಟ್ರೀಯ ಸಂಗ್ರಹಾಲಯವಿದೆ. ದೇಶದ ಅತ್ಯುತ್ತಮ ಚಿತ್ರಗಳನ್ನು ಇರಿಸುವ ಅದರ ‘ಗೌರವದ ಅಂಗಳ’ ೧೮೮೫ರಿಂದಲೂ ಇದೆ. ಅಲ್ಲಿ ಸ್ತ್ರೀಯರು ಬರೆದ ಚಿತ್ರಗಳಿಗೆ ಮೊದಲ ಬಾರಿಗೆ ಎಡೆ ದೊರೆತುದು ೨೦೨೧ರ ಮಾರ್ಚ್ ೮ರಂದು, ಅಂತರರಾಷ್ಟ್ರೀಯ ಮಹಿಳಾ ದಿನದಂದು. ಅಂದು ಆ ಗೋಡೆಯನ್ನೇರಿದ ಮೂರು ಚಿತ್ರಗಳಲ್ಲಿ ಒಂದು, ಇಪ್ಪತ್ತರ ಪ್ರಾಯದಲ್ಲಿ ಜೂಡಿತ್ ಲೇಸ್ಟರ್ ಬರೆದ ವೀಣೆಯಂಥ ವಾದ್ಯವನ್ನು ನುಡಿಸುವ ಯುವಕನ ಚಿತ್ರ. ಕೆಳಗಿನಿಂದ ಬೀಳುವ ಬೆಳಕಿನಲ್ಲಿ ಆ ಯುವಕನು ತಲೆಯೆತ್ತಿ ಎತ್ತಲೋ ನೋಡುತ್ತಿದ್ದಾನೆ. ಆ ಚಿತ್ರ ಅಲ್ಲಿಗೆ ಬರಲು ಸುಮಾರು ನಾಲ್ಕು ನೂರು ವರ್ಷಗಳು ಹಿಡಿದುವು.

ಆಕಾಶದಲ್ಲಿ ಮೋಡ ಕವಿದಾಗ ನಕ್ಷತ್ರ ಕಾಣುವುದಿಲ್ಲ. ಕಾಣದ ಮಾತ್ರಕ್ಕೆ ಅದು ಇಲ್ಲವೆಂದು ತಿಳಿದವರು ನಷ್ಟಕ್ಕೆ ಗುರಿಯಾಗುತ್ತಾರೆ. ಜೂಡಿತ್‌ಳ ಹೆಸರು ಮತ್ತೆ ದೊರೆಯಿತೆಂಬುದು ಸಂತೋಷದ ಸಂಗತಿ. ಸಹಿಯನ್ನೇ ಹಾಕದೆ ಹೋದವರ, ಹಾಕಿದ ಸಹಿ ಅಳಿಸಿಹೋದವರ, ಕುಂಚವೇ ಕೈಗೆ ಬಾರದೆ ಹೋದವರ ಹೆಸರುಗಳನ್ನು ಯಾವ ವಿದ್ವಾಂಸನೂ ಹುಡುಕಿ ತರಲಾರನು. ಕಳೆದುಹೋದುದನ್ನು ನಾವು ಮರಳಿ ಪಡೆಯಲಾರೆವು. ಆದರೆ ಇಂದು ನಮ್ಮ ಮನೆಯಲ್ಲಿ, ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿ ಬಣ್ಣದ ಕಡೆಗೆ ಕೈಚಾಚಿದಾಗ, ಆ ಕೈಗೆ ಕುಂಚವನ್ನು ಕೊಡುವುದೂ, ಆಕೆ ಬರೆದುದರ ಕೆಳಗೆ ಆಕೆಯ ಹೆಸರನ್ನೇ ಬರೆಯಿಸುವುದೂ ನಮ್ಮಿಂದ ಆಗದ ಕೆಲಸವಲ್ಲ.

ಶಬ್ದಾರ್ಥ

ವ್ಯಾಜ್ಯ – ತಕರಾರು, ಜಗಳ
ವಿರಳ – ಅಪರೂಪ
ಸ್ವಚಿತ್ರ – ಚಿತ್ರಕಾರರು ತಮ್ಮನ್ನೇ ಬರೆದುಕೊಂಡ ಚಿತ್ರ
ಗಿಲ್ಡರ್ – ಹಾಲೆಂಡಿನ ಹಿಂದಿನ ನಾಣ್ಯ
ವಿಪರ್ಯಾಸ – ತಿರುವುಮುರುವು
ವಿವಸ್ತ್ರ – ಬಟ್ಟೆಯಿಲ್ಲದ
ಅದ್ವಿತೀಯ – ಸಾಟಿಯಿಲ್ಲದ
ಭಿತ್ತಿಪತ್ರ – ಗೋಡೆಗೆ ಹಚ್ಚುವ ಪ್ರಕಟಣೆ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
೧. ‘ಲೇಸ್ಟರ್’ ಎಂಬ ಮಾತಿನ ಅರ್ಥವೇನು?
೨. ಜೂಡಿತ್ ಲೇಸ್ಟರ್ ಚಿತ್ರಕಾರರ ಸಂಘವನ್ನು ಸೇರಿದುದು ಯಾವ ವರ್ಷದಲ್ಲಿ?
೩. ಸೊತ್ತಿನ ಪಟ್ಟಿಯಲ್ಲಿ ಜೂಡಿತ್‌ಳ ಚಿತ್ರಗಳ ಎದುರಿನಲ್ಲಿ ಏನೆಂದು ಬರೆಯಲಾಗಿತ್ತು?
೪. ರೋಸಾ ಬೊನಾರ್ ಪೊಲೀಸರಿಂದ ಯಾವುದಕ್ಕೆ ಅನುಮತಿ ಪಡೆದಳು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಸಹಿಯ ಗುಟ್ಟು ತಿಳಿದ ಮೇಲೆ ಚಿತ್ರವನ್ನು ಕೊಂಡವರು ಏನು ಮಾಡಿದರು?
೨. ಜೂಡಿತ್ ಸಂಘಕ್ಕೆ ದೂರುಕೊಟ್ಟ ಪ್ರಸಂಗವನ್ನು ವಿವರಿಸಿರಿ.
೩. ಝೋಫನಿಯ ಸಮೂಹಚಿತ್ರದಲ್ಲಿ ಇಬ್ಬರು ಸ್ತ್ರೀ ಸದಸ್ಯರು ಹೇಗೆ ಕಾಣಿಸುತ್ತಾರೆ? ಏಕೆ?
೪. ಲಾರಾ ಹರ್ಫರ್ಡ್ ಪ್ರವೇಶ ಪಡೆದ ಬಗೆಯಿಂದ ನಿಮಗೆ ತಿಳಿದುಬರುವುದೇನು?

ಇ. ವಿವರವಾಗಿ ಉತ್ತರಿಸಿರಿ.
೧. “ನಿಜವಾದ ಪ್ರತಿಭೆ ಎಲ್ಲಿದ್ದರೂ ಬೆಳಗಿಯೇ ತೀರುತ್ತದೆ.” ಈ ಮಾತನ್ನು ಲೇಖಕರು ಹೇಗೆ ಪರಿಶೀಲಿಸಿದ್ದಾರೆ? ನಿಮ್ಮ ಅಭಿಪ್ರಾಯವೇನು?
೨. ಕಲಾಶಿಕ್ಷಣದ ನಿಯಮಗಳು ಸ್ತ್ರೀಯರಿಗೆ ಹೇಗೆ ಅಡ್ಡಿಯಾಗಿದ್ದುವು?

ಈ. ಸಂದರ್ಭಸಹಿತ ವಿವರಿಸಿರಿ.
೧. “ಬದಲಾಗಿದ್ದುದು ಬರೆದವರ ಹೆಸರು ಮಾತ್ರ.”
೨. “ಚಿತ್ರ ಬರೆಯಬೇಕಾದವರು ತಾವೇ ಚಿತ್ರಗಳಾಗಿ ಗೋಡೆಯನ್ನೇರಿದರು.”

ಉ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಚಿತ್ರಾಭ್ಯಾಸ, ಅತ್ಯುತ್ತಮ, ಕಣ್ಣೆತ್ತಿ, ಅಲ್ಪಾಯುಷ್ಯ

ಊ. ಚಟುವಟಿಕೆ
ನಿಮ್ಮ ಊರಿನಲ್ಲಿ ರಂಗವಲ್ಲಿ, ಹಸೆ, ಕೌದಿ ಹೊಲಿಗೆ, ಗೊಂಬೆ ಮಾಡುವುದು ಮುಂತಾದ ಕಲೆಗಳಲ್ಲಿ ನುರಿತ ಸ್ತ್ರೀಯರನ್ನು ಭೇಟಿಮಾಡಿರಿ. ಅವರು ಆ ಕಲೆಯನ್ನು ಯಾರಿಂದ ಕಲಿತರು, ತಮ್ಮ ಕೃತಿಗಳ ಮೇಲೆ ಎಂದಾದರೂ ಹೆಸರು ಬರೆದುಕೊಂಡಿದ್ದಾರೆಯೇ ಎಂಬುದನ್ನು ವಿಚಾರಿಸಿ ಒಂದು ಪುಟ ಬರೆಯಿರಿ.